ಸಾಕ್ಷಿಯಮ್ಮ

ನಮ್ಮ ಗುಡ್ಡದ ಮೇಲೆ ದೇವರು ಇರಲಿಲ್ಲ. ಬಿರುಕು ಇತ್ತು.

ಈ ಮಾತನ್ನು ಎಷ್ಟು ಜನರ ಮುಂದೆ ಹೇಳಿದ್ದೇನೆ ಅಂದರೆ ನನ್ನ ನಾಲಿಗೆ ಸವೆದುಹೋಗಿದೆ. ತಹಶೀಲ್ದಾರರ ಮುಂದೆ ಹೇಳಿದೆ. ಪೊಲೀಸರ ಮುಂದೆ ಹೇಳಿದೆ. ಕರಿ ಕೋಟಿನ ವಕೀಲರ ಮುಂದೆ ಹೇಳಿದೆ. ಎಲ್ಲರೂ ಹೂಂ ಹೂಂ ಅಂತಾರೆ. ಬರೆದುಕೊಳ್ಳುವಾಗ ಮಾತ್ರ ದೇವರು ಅಂತಲೇ ಬರೆದುಕೊಳ್ಳುತ್ತಾರೆ. ನೀವಾದರೂ ನೆಟ್ಟಗೆ ಕೇಳಿಸಿಕೊಳ್ಳಿ.

ನಾನು ವಲ್ಲೆಪು ಕೋಟಮ್ಮ. ನಾವು ವಡ್ಡರು, ಕಲ್ಲು ಒಡೆಯುವ ಜನ. ಚಿಂತಗುಂಟ ಊರಿನಿಂದ ಒಂದು ಮೈಲಿ ಆಚೆ, ಗದ್ದಲಕೊಂಡ ಅನ್ನುವ ಗುಡ್ಡದ ಬುಡದಲ್ಲಿ ನಮ್ಮ ವಡ್ಡೆಪಾಳೆಂ. ಇಪ್ಪತ್ತಾರು ಮನೆ. ಮೇಲಿನ ಸಾಲಿನ ಏಳು ಮನೆಗಳಿಗೆ ಗುಡ್ಡವೇ ಹಿತ್ತಲ ಗೋಡೆ. ಆ ಏಳರಲ್ಲಿ ಒಂದು ನಮ್ಮದು. ಊರಿನವರ ಮನೆಯ ಅಡಿಪಾಯ, ಶಾಲೆಯ ಮೆಟ್ಟಿಲು, ಅವರ ಹಿರಿಯರ ಸಮಾಧಿ, ಎಲ್ಲ ನಮ್ಮ ಕೈಯಿಂದ ಹೋದ ಕಲ್ಲು. ಆದರೂ ಅವರು ನಮ್ಮನ್ನು ಕರೆಯುವುದು ‘ಏಯ್ ವಡ್ಡೋಳೇ’ ಅಂತ.

ನನ್ನ ಮಾವ ಗುರವಯ್ಯ. ಎಪ್ಪತ್ತು ದಾಟಿತ್ತು. ಐವತ್ತು ವರ್ಷ ಸಿಡಿಮದ್ದಿನ ಪಕ್ಕ ನಿಂತು ದುಡಿದು ಎರಡೂ ಕಿವಿ ಹೋಗಿದ್ದವು. ಕಿವಿ ಹೋದ ಮೇಲೆ ಕಲ್ಲನ್ನು ಅಂಗೈಯಿಂದ ಕೇಳುತ್ತಿದ್ದ. ಬಂಡೆಯ ಮೇಲೆ ಎಡಗೈ ಊರಿ ಬಲಗೈಯಿಂದ ಸುತ್ತಿಗೆ ಬಡಿದರೆ ಒಳಗೆ ಗಟ್ಟಿಯೋ ಪೊಳ್ಳೋ, ಪದರ ಯಾವ ಕಡೆ ವಾಲಿದೆ, ಎಲ್ಲ ಹೇಳುತ್ತಿದ್ದ. ನಲವತ್ತು ಮೈಲಿ ದೂರದಿಂದ ಬಾವಿ ತೋಡುವವರು ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಬಾವಿಯಲ್ಲಿ ನೀರು ಬಿದ್ದ ಮೇಲೆ ಅದೇ ಬಾವಿಯ ನೀರನ್ನು ಅವನಿಗೆ ಎತ್ತಿ ಹೊಯ್ಯುತ್ತಿದ್ದರು, ಚೊಂಬು ಕೈಗೆ ಕೊಡುತ್ತಿರಲಿಲ್ಲ.

ಈಗ ಸಾಕ್ಷಿ ಅಂದರೆ ಏನು ಅಂತ ಹೇಳುತ್ತೇನೆ. ಕಲ್ಲಿನಲ್ಲಿ ಬಿರುಕು ಇದ್ದರೆ ಅದು ಹಳೆಯದೋ, ಇನ್ನೂ ಸರಿಯುತ್ತಿದೆಯೋ ತಿಳಿಯಬೇಕಲ್ಲ? ಕೆಮ್ಮಣ್ಣಿಗೆ ಸುಣ್ಣ ಹಾಕಿ, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ, ಜೋಳದ ಗಂಜಿಯಲ್ಲಿ ಕಲಸಿ, ಬಿರುಕಿನ ಮೇಲೆ ಅಡ್ಡಲಾಗಿ ರೊಟ್ಟಿಯಷ್ಟು ಅಗಲ ಮೆತ್ತುತ್ತೇವೆ. ಒಣಗಿ ಬಿಟ್ಟರೆ ಮೇಲೆ ಮೇಲೆ ಸಣ್ಣ ಗೆರೆಗಳು ಹರಡುತ್ತವೆ, ಅದಕ್ಕೆ ಹೆದರಬೇಕಾಗಿಲ್ಲ. ಮಧ್ಯಕ್ಕೆ ಒಂದೇ ಗೆರೆಯಲ್ಲಿ ಸೀಳಿದರೆ ಕಲ್ಲು ಸರಿದಿದೆ ಅಂತ. ಆ ಮಣ್ಣಿನ ರೊಟ್ಟಿಯೇ ಸಾಕ್ಷಿ. ಸಾಕ್ಷಿ ಒಡೆದರೆ ಆ ಕಲ್ಲಿನ ಕೆಳಗೆ ನಾವು ಕೂರುವುದಿಲ್ಲ, ಉಣ್ಣುವುದಿಲ್ಲ. ನನ್ನ ಗಂಡ ಸತ್ತ ಕ್ವಾರಿಯಲ್ಲೂ ಸಾಕ್ಷಿ ಒಡೆದಿತ್ತು. ಮೇಸ್ತ್ರಿ ಅದನ್ನು ಕಾಲಿನಿಂದ ಒರೆಸಿಹಾಕಿ ‘ಇಳೀರೋ ಸುಮ್ನೆ’ ಅಂದಿದ್ದ. ಮೂವರು ಇಳಿದರು. ಒಬ್ಬನೂ ಹತ್ತಲಿಲ್ಲ.

ನಾವು ಮಾಡಿದ ತಪ್ಪು ಒಂದೇ. ಗದ್ದಲಕೊಂಡದ ನೆತ್ತಿಯಲ್ಲಿ, ನಮ್ಮ ಮನೆಗಳ ನೇರಕ್ಕೆ ಮೇಲೆ, ಬೆರಳು ತೂರುವಷ್ಟು ಬಿರುಕು ಕಂಡಿತು. ಮಾವ ಅದರ ಉದ್ದಕ್ಕೆ ಒಂಬತ್ತು ಸಾಕ್ಷಿ ಇಟ್ಟ. ಕುರಿಯವರು ತುಳಿಯುತ್ತಿದ್ದರು, ಮಕ್ಕಳು ಕಿತ್ತು ಬಿಲ್ಲೆ ಆಡುತ್ತಿದ್ದರು. ಅದಕ್ಕೆ ನಮ್ಮವರು ತಾತನ ಕಾಲದಿಂದ ಮಾಡುವಂತೆ ಅರಿಶಿನ ಬಳಿದು ಕುಂಕುಮದ ಬೊಟ್ಟು ಇಟ್ಟೆವು. ಮನುಷ್ಯರನ್ನು ತುಳಿಯುವವರೂ ಬೊಟ್ಟಿಟ್ಟ ಮಣ್ಣನ್ನು ತುಳಿಯುವುದಿಲ್ಲ. ಅಷ್ಟಕ್ಕೇ ಇಟ್ಟದ್ದು.

ಬೇಸಿಗೆಯಲ್ಲಿ ಗುಡ್ಡದ ಮೇಲೆ ಕ್ವಾರಿ ಬರುತ್ತದೆ ಅಂತ ಸರ್ವೇ ಶುರುವಾಯಿತು. ಹೈದರಾಬಾದಿನಿಂದ ಪ್ರತ್ಯೂಷ ಅನ್ನುವ ಹುಡುಗಿ ಬಂದಳು, ಕಲ್ಲಿನ ಓದು ಓದಿದವಳು. ತಲೆಗೆ ಟೋಪಿ, ಕೈಯಲ್ಲಿ ಪುಸ್ತಕ. ಮಾವ ಮೇಲೆ ಸಾಕ್ಷಿ ನೋಡುತ್ತಾ ಕೂತಿದ್ದ. ನಾನು ಅವನಿಗೆ ಸಂಗಟಿ ಮುದ್ದೆ, ಗೋಂಗೂರ ಚಟ್ನಿ ತೆಗೆದುಕೊಂಡು ಹೋಗಿದ್ದೆ, ಇನ್ನೂ ಹತ್ತು ಮಾರು ದೂರದಲ್ಲಿದ್ದೆ.

ಅವಳು ಬಗ್ಗಿ ನೋಡಿ, “ಇದೇನು ತಾತಾ?” ಅಂದಳು.

ಕೇಳಿಸದಿದ್ದರೂ ಬೆರಳು ತೋರಿಸಿದ್ದು ಕಂಡು ಮಾವ ಗಟ್ಟಿಯಾಗಿ ಕೂಗಿದ: “ಸಾಕ್ಷಿ, ಅಮ್ಮಾ!”

ಅವಳು ಬರೆದುಕೊಂಡಳು. ಒಂಬತ್ತನ್ನೂ ಎಣಿಸಿದಳು, ಫೋಟೋ ಹೊಡೆದಳು. ಹೋಗುವಾಗ ಚಪ್ಪಲಿ ಬಿಟ್ಟು ಕೈ ಮುಗಿದಳು. ನಾನು ನಕ್ಕೆ. ಓದಿದ ಹುಡುಗಿ, ನಮ್ಮ ಕೆಲಸಕ್ಕೆ ಮರ್ಯಾದೆ ಕೊಟ್ಟಳು ಅಂದುಕೊಂಡೆ. ಆ ನಗುವಿಗೆ ಈಗಲೂ ನನಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡು ತಿಂಗಳಿಗೆ ಜನರ ಅಭಿಪ್ರಾಯ ಕೇಳುವ ಸಭೆ ಆಯಿತು. ಶಾಲೆಯ ಬಯಲಿನಲ್ಲಿ ಶಾಮಿಯಾನ. ಊರಿನವರಿಗೆ ಕುರ್ಚಿ. ನಮಗೆ ಶಾಮಿಯಾನದ ನೆರಳು ಮುಗಿಯುವಲ್ಲಿ ಜಾಗ. ಜಿಲ್ಲೆಯಿಂದ ಬಂದ ಸಾಹೇಬರ ಪಕ್ಕದಲ್ಲಿ ನಮ್ಮ ಸರ್ಪಂಚ್ ಮಾಲಕೊಂಡಯ್ಯ ಗಾರು. ಅವರ ಲಾರಿಗಳೇ ಕಲ್ಲು ಸಾಗಿಸುವುದು ಅಂತ ಆಗಲೇ ಮಾತಾಗಿತ್ತು. ಕಂಪನಿಯ ಗುಮಾಸ್ತ ಕಾಗದ ಓದಿದ. ಸಿಡಿಮದ್ದಿನ ಕಂಪನ ಮಿತಿಯೊಳಗೆ ಇರುತ್ತದಂತೆ. ಗುಡ್ಡದ ಇಳಿಜಾರು ಭದ್ರವಾಗಿದೆಯಂತೆ. ಆಮೇಲೆ ಓದಿದ:

“ಪ್ರಸ್ತಾವಿತ ಕ್ವಾರಿಯ ಅಂಚಿನಲ್ಲಿ ಸ್ಥಳೀಯರು ಪೂಜಿಸುವ ಸಾಕ್ಷಿಯಮ್ಮ ಎಂಬ ದೇವತೆಯ ಒಂಬತ್ತು ನೆಲೆಗಳಿವೆ. ಭಕ್ತರ ಭಾವನೆಗೆ ಧಕ್ಕೆ ಬಾರದಂತೆ ಕಂಪನಿಯು ತನ್ನ ಖರ್ಚಿನಲ್ಲಿ ಅದೇ ಸ್ಥಳದಲ್ಲಿ ಗುಡಿ ನಿರ್ಮಿಸಿಕೊಡುತ್ತದೆ.”

ಊರಿನವರು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಮನೆಯ ಪಿಚ್ಚಮ್ಮ ಮೊಣಕೈಯಿಂದ ತಿವಿದಳು.

“ಅಕ್ಕಾ, ಇದ್ಯಾವ ಹೊಸಾ ದೇವ್ರೇ? ನಮ್ಗೇ ಗೊತ್ತಿಲ್ದಂಗೆ ನಮ್ಮ ಗುಡ್ಡಕ್ಕೆ ಬಂದು ಕೂತೋಳು?”

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ಮೈಕಿನ ಹತ್ತಿರ ಹೋದೆ. ಯಾರೂ ಕರೆದಿರಲಿಲ್ಲ.

“ಸಾರ್, ಅದು ದೇವ್ರಲ್ಲ. ಮಣ್ಣು. ಗುಡ್ಡ ಬಿರುಕು ಬಿಟ್ಟೈತೆ, ಅದು ಸರೀತೈತೋ ಇಲ್ವೋ ನೋಡಾಕೆ ನಾವು ಮೆತ್ತಿರೋ ಮಣ್ಣು. ಕಲ್ಲಿನ ಪದರ ಎಲ್ಲಾ ನಮ್ಮ ಮನೆಗಳ ಕಡೆ ವಾಲೈತೆ. ಅಡಿಗೆ ಜೇಡಿಮಣ್ಣೈತೆ. ಆ ಅಂಚಲ್ಲಿ ಮದ್ದಿಟ್ರೆ ಗುಡ್ಡ ಜಾರಿ ನಮ್ಮ ತಲೆ ಮ್ಯಾಲೆ ಬರ್ತೈತೆ. ನಾವೇನು ಕ್ವಾರಿ ಬ್ಯಾಡ ಅಂತಿಲ್ಲ. ಕಲ್ಲು ಒಡ್ದೇ ಉಣ್ಣೋರು ನಾವು. ಅರವತ್ತು ಮೀಟರ್ ಹಿಂದಕ್ಕೆ ಹೋಗಿ, ಆ ಕಡೆ ಮುಖದಿಂದ ಶುರು ಮಾಡ್ರಿ. ನಾವೇ ಬಂದು ಕೊರೀತೀವಿ.”

ಸಾಹೇಬರು ಕನ್ನಡಕ ತೆಗೆದು ನೋಡಿದರು. “ಎಷ್ಟು ಓದಿದ್ದೀಯಮ್ಮಾ?”

“ಓದಿಲ್ಲ ಸಾರ್.”

“ಈ ವರದಿ ಬರೆದೋರು ಐದು ಜನ ಇಂಜಿನಿಯರು.”

ಕುರ್ಚಿಯಲ್ಲಿದ್ದವರು ನಕ್ಕರು. ಮಾಲಕೊಂಡಯ್ಯ ಗಾರು ಎದ್ದು ನಿಂತರು. “ಅಮ್ಮನೋರನ್ನ ಮಣ್ಣು ಅಂತೀಯೇನೇ? ಬಾಯಿಗೆ ಹುಳ ಬೀಳ್ತದೆ. ಅರಿಶಿನ ಕುಂಕುಮ ಇಟ್ಟೋರು ನೀವೇ ಅಲ್ವಾ? ಇಟ್ಟಿದ್ದು ನಿಜವೋ ಸುಳ್ಳೋ, ಅಷ್ಟು ಹೇಳು.”

“ಇಟ್ಟಿದ್ದು ನಿಜ, ಆದ್ರೆ—”

“ಆದ್ರೆ ಗೀದ್ರೆ ಬ್ಯಾಡ. ಬರ್ಕೊಳ್ಳಿ ಸಾರ್, ಒಪ್ಕೊಂಡ್ಲು.”

ಮೈಕು ಕಿತ್ತುಕೊಂಡರು. ಅಷ್ಟರಲ್ಲಿ ಮಾವ ವೇದಿಕೆ ಹತ್ತಿದ್ದ. ಏನು ಮಾತಾಗುತ್ತಿದೆ ಅಂತ ಅವನಿಗೆ ಕೇಳಿರಲಿಲ್ಲ. ಪಂಚೆಯ ಸೆರಗಿನಿಂದ ಒಂದು ಸಾಕ್ಷಿ ತೆಗೆದು ಸಾಹೇಬರ ಮೇಜಿನ ಮೇಲೆ ಇಟ್ಟ. ಮಧ್ಯಕ್ಕೆ ಎರಡಾಗಿ ಸೀಳಿದ್ದು. ರಸ್ತೆ ಮಾಡಲು ಗುಡ್ಡದ ಹಿಂದೆ ಕಂಪನಿ ನಾಲ್ಕು ಗುಂಡಿ ಕೊರೆದು ಮದ್ದು ಸಿಡಿಸಿತ್ತು ನೋಡಿ, ಅದಕ್ಕೇ ಒಡೆದದ್ದು. ಎರಡು ತುಂಡನ್ನೂ ಜೋಡಿಸಿ, ಬಿಡಿಸಿ, ಜೋಡಿಸಿ, ಬಿಡಿಸಿ ತೋರಿಸಿದ. ಗುಮಾಸ್ತ ಓಡಿ ಬಂದು, “ಏಯ್ ಮುದುಕಾ, ಕಾಗದ ಎಲ್ಲಾ ಗಲೀಜು ಮಾಡಿದ್ಯಲ್ಲೋ!” ಅಂತ ಅಂಗೈಯಿಂದ ಮಣ್ಣನ್ನು ನೆಲಕ್ಕೆ ತಳ್ಳಿ ಮಾವನ ಎದೆಗೆ ಕೈ ಹಾಕಿ ನೂಕಿದ. ಮಾವ ಮೆಟ್ಟಿಲು ತಪ್ಪಿ ಕುಕ್ಕರಿಸಿದ. ಅಲ್ಲೇ ಕೂತು ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡ. ಅಷ್ಟು ಜನರಲ್ಲಿ ಒಬ್ಬರೂ ಕೈ ಕೊಟ್ಟು ಎಬ್ಬಿಸಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ನನ್ನನ್ನು ಕೇಳಿದ. “ಏನಂದ್ರು ಕೋಟೀ? ಒಪ್ಪಿದ್ರಾ?”

ನಾನು ಅವನ ಮುಖಕ್ಕೆ ಮುಖ ಕೊಟ್ಟು, ತುಟಿ ಓದಿಕೊಳ್ಳಲಿ ಅಂತ ನಿಧಾನಕ್ಕೆ ಹೇಳಿದೆ. “ನಿನ್ನ ಸಾಕ್ಷೀನ ದೇವ್ರು ಮಾಡ್ಬಿಟ್ರು ಮಾವಾ.”

ಅವನು ಅದನ್ನು ತಮಾಷೆ ಅಂದುಕೊಂಡು ನಕ್ಕುಬಿಟ್ಟ.

ಶ್ರಾವಣದಲ್ಲಿ ಗುಡಿ ಎದ್ದಿತು. ಬಿರುಕಿನ ಮೇಲೆ, ಒಂಬತ್ತು ಸಾಕ್ಷಿಗಳ ಮೇಲೆ ಮೊಣಕಾಲೆತ್ತರ ಕಾಂಕ್ರೀಟು ಸುರಿದು ಟೈಲ್ಸು ಹಾಕಿದರು. ನಾಲ್ಕು ಕಂಬ, ಮೇಲೊಂದು ಗೋಪುರ, ಸುತ್ತ ಕಬ್ಬಿಣದ ಬೇಲಿ, ಬೇಲಿಗೆ ಬೀಗ. ಒಳಗೆ ಕಣ್ಣು ಬಿಟ್ಟುಕೊಂಡ ಹಿತ್ತಾಳೆಯ ಮುಖವಾಡ. ಅದಕ್ಕೆ ಕಾಂಕ್ರೀಟು ಹೊತ್ತವರು ಯಾರು? ನಾವೇ. ನಾನೂ ಹೊತ್ತೆ. ಕೂಲಿ ಬೇಕಿತ್ತು. ಬಾಣಲಿ ಬಾಣಲಿ ಹೊತ್ತು ಆ ಬಿರುಕಿನ ಬಾಯಿಗೆ ಸುರಿದೆ. ಒಂದೊಂದು ಬಾಣಲಿಗೂ ನನ್ನನ್ನು ನಾನು ಬೈದುಕೊಂಡೆ, ಆದರೂ ಸುರಿದೆ.

ಪೂಜೆಯಾದ ಮರುದಿನ ಮಾವ ಅಭ್ಯಾಸದಂತೆ ಬೆಳಿಗ್ಗೆ ಹೋದ. ಕೈಗೆ ಮಣ್ಣು ಮೆತ್ತಿಕೊಂಡೇ ಬೇಲಿಯ ಒಳಗೆ ಕೈ ತೂರಿಸಿದ. ಪೂಜಾರಿ ಹೌಹಾರಿದ. “ಲೇ, ಪ್ರತಿಷ್ಠೆ ಆಗಿರೋ ಜಾಗ ಕಣೋ ಇದು! ಇನ್ಮೇಲೆ ನಾನು ಬಿಟ್ರೆ ಯಾರೂ ಮುಟ್ಟಂಗಿಲ್ಲ.” ಮಾವನಿಗೆ ಅದೂ ಕೇಳಿಸಲಿಲ್ಲ. ಕಡ್ಡಿಯಿಂದ ಕೈ ಮೇಲೆ ಬಡಿದಾಗ ಹಿಂದಕ್ಕೆ ತೆಗೆದುಕೊಂಡ.

ಪ್ರತ್ಯೂಷ ಮೇಡಂ ಇನ್ನೊಂದು ಸಲ ಬಂದಳು, ಗಡಿ ಕಲ್ಲು ನೆಡಿಸಲು. ನಾನು ಅವಳ ಕೈ ಹಿಡಿದುಕೊಂಡು ನಿಲ್ಲಿಸಿದೆ. ಬಿಡಿಸಿಕೊಳ್ಳಲಿಲ್ಲ ಪಾಪ.

“ಏನಮ್ಮಾ ಬರ್ದೆ ನೀನು? ನಮ್ಮ ಮಾವ ನಿನ್ನನ್ನ ಅಮ್ಮಾ ಅಂತ ಕರ್ದ. ಅದನ್ನೂ ಸೇರ್ಸಿ ಬರ್ದುಬಿಟ್ಯಲ್ಲೇ ತಾಯಿ.”

ಅವಳ ಕಣ್ಣು ತುಂಬಿತು. “ಆಮೇಲೆ ಗೊತ್ತಾಯ್ತು ಆಂಟಿ. ತಿದ್ದಿ ಕೊಟ್ಟೆ. ಬಿರುಕು ಅಂತ ಬರೆದ್ರೆ ಗಡಿ ಹಿಂದಕ್ಕೆ ಹೋಗತ್ತೆ, ಒಳ್ಳೇ ಕಲ್ಲೆಲ್ಲ ಆ ಅರವತ್ತು ಮೀಟರಲ್ಲೇ ಇರೋದು. ದೇವ್ರು ಅಂತ ಇದ್ರೆ ಒಂದು ಗುಡಿ ಕಟ್ಟಿದ್ರೆ ಮುಗೀತು. ಹಾಗೇ ಇರ್ಲಿ ಬಿಡಮ್ಮ ಅಂದ್ರು ಕಂಪನಿಯೋರು.”

“ನೀನೇನಂದೆ?”

ಅವಳು ಏನೂ ಅನ್ನಲಿಲ್ಲ. ಅಲ್ಲೂ ಏನೂ ಅಂದಿರಲಿಕ್ಕಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಆ ಮೌನದ ಮೇಲೆ ಬಂತು.

ಮಾವ ಸುಮ್ಮನೆ ಕೂರಲಿಲ್ಲ. ಬೇಲಿಯ ಆಚೆ ಈಚೆ, ಬಿರುಕು ಗುಡಿಯಿಂದ ಹೊರಗೆ ಬಾಲ ಚಾಚಿದಲ್ಲಿ, ಮತ್ತೆ ಸಾಕ್ಷಿ ಇಟ್ಟ. ಈ ಸಲ ಕುಂಕುಮ ಇಡಲಿಲ್ಲ. ತುಫಾನಿನ ಮಳೆ ಮೂರು ದಿನ ಹೊಡೆದು ಬಿಟ್ಟಿತ್ತು. ಇಟ್ಟದ್ದು ಇಟ್ಟಂತೆ ಒಡೆಯತೊಡಗಿದವು, ಬೆಳಿಗ್ಗೆ ಇಟ್ಟರೆ ಸಂಜೆಗೆ ಸೀಳು. ಬರುವ ಸೋಮವಾರ ಮಧ್ಯಾಹ್ನ ಕ್ವಾರಿಯ ಮೊದಲ ದೊಡ್ಡ ಸಿಡಿತ, ನಲವತ್ತೆಂಟು ಗುಂಡಿ, ಅಂತ ಊರಿನಲ್ಲಿ ಡಂಗುರ ಸಾರಿದರು. ಸೈರನ್ ಕೂಗಿದಾಗ ಎಲ್ಲರೂ ದೂರ ಹೋಗಬೇಕು, ಮತ್ತೆ ಕೂಗಿದಾಗ ವಾಪಸು ಬರಬಹುದು.

ನಾನು, ಪಿಚ್ಚಮ್ಮ, ಇನ್ನೂ ನಾಲ್ಕು ಜನ ತಹಶೀಲ್ದಾರರ ಕಚೇರಿಗೆ ಹೋದೆವು. ಬೆಳಿಗ್ಗೆಯಿಂದ ಹೊರಗೆ ನಿಂತೆವು. ಮೂರು ಗಂಟೆಗೆ ಒಳಗೆ ಬಿಟ್ಟರು. ನಾನು ಸೀಳಿದ ಸಾಕ್ಷಿಗಳನ್ನು ಬುಟ್ಟಿಯಲ್ಲಿ ಒಯ್ದಿದ್ದೆ. ಅವರು ಬುಟ್ಟಿಯ ಕಡೆ ನೋಡಲಿಲ್ಲ. “ನಿಮ್ಮ ಅಮ್ಮನೋರು ಅಲ್ಲೇ ಮೇಲೆ ಕೂತಿದ್ದಾಳಲ್ಲಮ್ಮ, ಕಾಪಾಡ್ತಾಳೆ ಹೋಗಿ” ಅಂದರು. ತಮಾಷೆಗೆ ಅಂದದ್ದಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಭಾನುವಾರ ಬೆಳಿಗ್ಗೆ ಪೂಜಾರಿ ಬೀಗ ತೆಗೆದ. ನಾನು ಹಿಂದೆಯೇ ನಿಂತಿದ್ದೆ. ಕೈಯಲ್ಲಿ ಗಂಡನ ಎಂಟು ಸೇರಿನ ಸುತ್ತಿಗೆ.

“ಪೂಜಾರಪ್ಪಾ, ಈಚೆ ಬಾ. ನಿನಗೇನೂ ಮಾಡಲ್ಲ.”

ಅವನು ಆರತಿ ತಟ್ಟೆ ಬಿಟ್ಟು ಓಡಿದ. ನಾನು ಹಿತ್ತಾಳೆ ಮುಖವಾಡವನ್ನು ಎತ್ತಿ ಹೊರಗೆ, ನೆರಳಿನಲ್ಲಿ ಇಟ್ಟೆ. ಅದರ ಮೇಲೆ ನನಗೇನು ಹಗೆ? ಆಮೇಲೆ ನೆಲಕ್ಕೆ ಹೊಡೆದೆ. ಟೈಲ್ಸು ಹಾರಿದವು. ಕಾಂಕ್ರೀಟು ಹೊಸದು, ಹಟ ಮಾಡಿತು. ನಾನೇ ಹೊತ್ತು ಸುರಿದದ್ದಲ್ಲವೇ, ಎಲ್ಲಿ ತೆಳು ಅಂತ ನನಗೆ ಗೊತ್ತಿತ್ತು. ರಟ್ಟೆ ಬೀಳುವವರೆಗೆ ಹೊಡೆದೆ. ಪಾಳೆಂನ ಜನ ಹತ್ತಿ ಬಂದು ಬೇಲಿ ಹಿಡಿದು ನಿಂತಿದ್ದರು. ಯಾರೂ ತಡೆಯಲಿಲ್ಲ, ಯಾರೂ ಕೈ ಜೋಡಿಸಲೂ ಇಲ್ಲ. ಆಮೇಲೆ ಪಿಚ್ಚಮ್ಮ ಸೀರೆ ಎತ್ತಿ ಕಟ್ಟಿ ಒಳಗೆ ಬಂದು ಹಾರೆ ಹಾಕಿದಳು.

ಕಾಂಕ್ರೀಟಿನ ಒಂದು ಹಲಗೆ ಎದ್ದಿತು. ಕೆಳಗೆ ಕತ್ತಲು. ಬೆರಳು ತೂರುತ್ತಿದ್ದ ಬಿರುಕಿನಲ್ಲಿ ಈಗ ನನ್ನ ತಲೆ ತೂರುತ್ತಿತ್ತು. ಪಿಚ್ಚಮ್ಮ ಒಂದು ಕಲ್ಲು ಹಾಕಿದಳು. ಬೀಳುವ ಸದ್ದು ಬಹಳ ಹೊತ್ತಿಗೆ ಬಂತು.

“ಅಯ್ಯೋ ನನ್ನವ್ವಾ” ಅಂದಳು. ಆಮೇಲೆ ತಿರುಗಿ ಪಾಳೆಂನವರಿಗೆ ಕೂಗಿದಳು. “ಏನ್ ನೋಡ್ತಾ ನಿಂತಿದೀರ್ರೋ? ಪಾತ್ರೆ ಪಡಗ ಹೊರಗೆ ಹಾಕ್ರೋ!”

ಪೊಲೀಸರು ಹತ್ತು ಗಂಟೆಗೆ ಬಂದರು. ಗುಡಿ ಒಡೆದ ಕೇಸು. ನಾನು ಬಿರುಕು ತೋರಿಸಿದೆ. ಎಸ್ಸೈ ಬಗ್ಗಿ ನೋಡಿದ, ಅವನ ಮುಖ ಬಿಳಿಚಿತು, ಅದು ನಿಜ. ಆದರೆ ಊರಿನವರು ದೊಣ್ಣೆ ಹಿಡಿದು ಸುತ್ತ ನಿಂತಿದ್ದರು. “ಮೊದ್ಲು ಇವಳನ್ನ ಹತ್ಸಿ” ಅಂದ. ಜೀಪಿನಲ್ಲಿ ಕೂರಿಸಿದರು. ಮಾವ ಜೀಪಿನ ಹಿಂದೆ ಓಡಿ ಬಂದ. ಏನೋ ಕೂಗುತ್ತಿದ್ದ. ಇಂಜಿನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ.

ಸೋಮವಾರ ಮಧ್ಯಾಹ್ನ ನಾನು ಠಾಣೆಯ ನೆಲದ ಮೇಲೆ ಕೂತಿದ್ದೆ. ಒಂದು ಗಂಟೆಗೆ ನೆಲ ನಡುಗಿತು. ನಲವತ್ತೆಂಟು ಗುಂಡಿಯ ನಡುಕ ಅದು, ನನಗೆ ಗೊತ್ತು, ಬರುತ್ತದೆ ಹೋಗುತ್ತದೆ. ಆದರೆ ನಿಂತ ಮೇಲೆ ಮತ್ತೊಂದು ಬಂತು. ಉದ್ದದ್ದು. ಅದು ನಿಲ್ಲಲೇ ಇಲ್ಲ. ನಾನು ಕಂಬಿ ಹಿಡಿದು ಅರಚಿದೆ. ಏನು ಅರಚಿದೆನೋ ನೆನಪಿಲ್ಲ. ಕಾನ್ಸ್‌ಟೇಬಲ್ ಬಾಷಾ ನೀರು ತಂದುಕೊಟ್ಟ.

ಮೇಲಿನ ಸಾಲಿನ ಏಳು ಮನೆಯೂ ಹೋದವು. ಜನ ಭಾನುವಾರವೇ ಸಾಮಾನು ಹೊತ್ತು ಶಾಲೆಗೆ ಹೋಗಿದ್ದರು. ಮಕ್ಕಳು, ಬಾಣಂತಿಯರು, ಕುರಿ ಕೋಳಿ ಎಲ್ಲ ಉಳಿದರು. ಒಬ್ಬ ಉಳಿಯಲಿಲ್ಲ.

ಮಾವ ಶಾಲೆಯಲ್ಲೇ ಇದ್ದನಂತೆ. ಹನ್ನೆರಡರ ಹೊತ್ತಿಗೆ ಕಣ್ಣು ತಪ್ಪಿಸಿ ಎದ್ದು ಬಿರುಕು ನೋಡಲು ಹೋದನಂತೆ. ಸೈರನ್ ಕೂಗಿತು. ಒಂದಲ್ಲ, ಮೂರು ಸಲ ಕೂಗಿತು ಅಂತ ಕಂಪನಿಯವರು ಕಾಗದದಲ್ಲಿ ಬರೆದಿದ್ದಾರೆ. ಕಿವಿ ಇಲ್ಲದವನಿಗೆ ಮುನ್ನೂರು ಸಲ ಕೂಗಿದರೇನು? ಕೆಲಸಕ್ಕೆ ಹೋದ ಕ್ವಾರಿಗಳಲ್ಲಿ ಸೈರನ್ ಆದಾಗಲೆಲ್ಲ ಓಡಿ ಹೋಗಿ ಅವನ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದವಳು ನಾನು. ಹದಿನೆಂಟು ವರ್ಷ ನಾನೇ ಅವನ ಕಿವಿ. ಆ ದಿನ ನನ್ನನ್ನು ಕಂಬಿಯ ಹಿಂದೆ ಇಟ್ಟಿದ್ದರು.

ಸಂಜೆ ನನ್ನನ್ನು ಪಾಳೆಂಗೆ ಕರೆತಂದರು, ದೇಹ ಗುರುತಿಸಲು. ಬಾಷಾ ಜೊತೆಗಿದ್ದ. ದೇಹವನ್ನು ಇನ್ನೂ ಹೊರಗೆ ತೆಗೆದಿರಲಿಲ್ಲ. ಮಣ್ಣು, ಕಲ್ಲು, ಮುರಿದ ತೊಲೆಗಳ ಮೇಲೆ ಒಂದು ದೊಡ್ಡ ಚಪ್ಪಡಿ ಬಂಡೆ ಅಂಗಾತ ಬಿದ್ದಿತ್ತು. ಹದಿನಾರು ಅಡಿ ಉದ್ದ, ಆಳೆತ್ತರ ದಪ್ಪ. ಅದರ ಅಂಚಿನಿಂದ ಮಾವನ ಒಂದು ಕಾಲು ಮಾತ್ರ ಕಾಣುತ್ತಿತ್ತು. ಮುಟ್ಟಿದೆ. ತಣ್ಣಗಿತ್ತು. ಹೆಬ್ಬೆರಳಿನ ಉಗುರು ಹಳೆಯ ಸುತ್ತಿಗೆ ಏಟಿಗೆ ಕಪ್ಪಾಗಿದ್ದದ್ದು, ಅವನದೇ.

ಮರುದಿನ ಮಣ್ಣು ಅಗೆಯುವ ಪೊಕ್ಲೇನ್ ಯಂತ್ರ ತಂದರು. ಸಡಿಲ ಮಣ್ಣಿನಲ್ಲಿ ಅದು ಹತ್ತಲಾರದೆ ವಾಲಿ ನಿಂತಿತು. ಮಧ್ಯಾಹ್ನ ಕಂಪನಿಯ ಮ್ಯಾನೇಜರ್, ಸಾಹೇಬರು, ಮಾಲಕೊಂಡಯ್ಯ ಗಾರು ಸೇರಿ ಮಾತಾಡಿಕೊಂಡರು. ಮ್ಯಾನೇಜರ್ ನನ್ನ ಹತ್ತಿರ ಬಂದ.

“ನೋಡಮ್ಮಾ, ಕ್ರೇನ್ ಬರೋಕೆ ರಸ್ತೆ ಇಲ್ಲ. ಬಂಡೆಗೆ ಎರಡು ಗುಂಡಿ ಕೊರೆದು ಸಣ್ಣ ಮದ್ದು ಇಡ್ತೀವಿ. ಹತ್ತು ನಿಮಿಷದ ಕೆಲಸ. ತೆಗೆದುಕೊಡ್ತೀವಿ.”

“ಯಾರನ್ನ ತೆಗೆದುಕೊಡ್ತೀಯಪ್ಪಾ?”

ಅವನು ತಲೆ ತಗ್ಗಿಸಿದ.

“ಕೇಳಿದ್ದಕ್ಕೆ ಹೇಳು. ಬಂಡೆ ಕೆಳಗೆ ಮನುಷ್ಯ ಇದಾನೆ. ಮ್ಯಾಲೆ ಮದ್ದು ಇಟ್ಟ ಮ್ಯಾಲೆ ನನಗೆ ಏನನ್ನ ಎತ್ತಿಕೊಡ್ತೀಯಾ? ಬುಟ್ಟಿ ತರ್ಲಾ?”

ಮಾಲಕೊಂಡಯ್ಯ ಗಾರು ಅಡ್ಡ ಬಂದರು. “ಕೋಟಮ್ಮಾ, ಹೋದೋನು ಹೋದ. ಎರಡು ದಿನ ಆಯ್ತು ಅಂದ್ರೆ ವಾಸನೆ ಬರ್ತದೆ, ಟಿವಿಯೋರು ಬರ್ತಾರೆ. ಹಟ ಮಾಡಬ್ಯಾಡ.” ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ನಾನು ಬಂಡೆ ಹತ್ತಿದೆ. ಅದರ ನಡುಮಧ್ಯೆ ಕೂತೆ. “ಇಡ್ರಿ. ಮದ್ದು ಇಡೋದಿದ್ರೆ ನಾನು ಕೂತಿರೋ ಹಂಗೇ ಇಡ್ರಿ. ಐವತ್ತು ವರ್ಷ ನಿಮ್ಮ ಮದ್ದಿಗೆ ಕಿವಿ ಕೊಟ್ಟ, ಜೀವ ಕೊಟ್ಟ. ಹೆಣ ಮಾತ್ರ ಕೊಡಲ್ಲ.”

ಎಸ್ಸೈ ಹೆಣ್ಣು ಪೊಲೀಸರನ್ನು ಕರೆದ. ಅವರು ಬರುವಷ್ಟರಲ್ಲಿ ಪಿಚ್ಚಮ್ಮ ಹತ್ತಿ ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳ ಹಿಂದೆ ಅವಳ ಸೊಸೆ. ಆಮೇಲೆ ಪಾಳೆಂನ ಹೆಂಗಸರೆಲ್ಲ. ಗಂಡಸರು ಬಂಡೆಯ ಸುತ್ತ ನಿಂತರು. ಯಾರೂ ಘೋಷಣೆ ಕೂಗಲಿಲ್ಲ, ಕಲ್ಲು ಎತ್ತಲಿಲ್ಲ. ಸುಮ್ಮನೆ ಕೂತೆವು. ಅರ್ಧ ಗಂಟೆಯಾದ ಮೇಲೆ ಸಾಹೇಬರು, “ಮತ್ತೆ ಹೇಗೆ ತೆಗೀತೀರಿ?” ಅಂದರು.

“ನಾವು ಯಾರು ಅಂತ ಮರೆತ್ರಾ ಸಾರ್?” ಅಂದಳು ಪಿಚ್ಚಮ್ಮ. “ಕಲ್ಲು ಒಡೆಯೋದು ನಮಗೆ ಹೇಳಿಕೊಡಬ್ಯಾಡ್ರಿ.”

ಮೊದಲು ಬಂಡೆಯ ಎರಡೂ ತುದಿಗೆ ಒತ್ತು ಕಲ್ಲು ಕೊಟ್ಟು ಭದ್ರ ಮಾಡಿದೆವು, ಒಡೆದಾಗ ಅವನ ಮೇಲೆ ಕೂರಬಾರದು. ಮೇಲೆ ದಾರ ಹಿಡಿದು ಗೆರೆ ಎಳೆದೆವು. ಗೆರೆಯ ಉದ್ದಕ್ಕೆ ಗೇಣಿಗೊಂದು ಉಳಿಯಿಂದ ಗುಳಿ ತೋಡಿದೆವು. ಒಬ್ಬರು ಉಳಿ ಹಿಡಿಯುವುದು, ಒಬ್ಬರು ಹೊಡೆಯುವುದು, ಕೈ ಸೋತಾಗ ಬದಲಾಗುವುದು. ಉಳಿ ಮೊಂಡಾದರೆ ಮುದುಕರು ತಿದಿ ಒತ್ತಿ ಬೆಂಕಿಯಲ್ಲಿ ಕಾಯಿಸಿ ಚೂಪು ಮಾಡಿ ಕೊಟ್ಟರು. ಅಂಗೈಯಲ್ಲಿ ಬೊಕ್ಕೆ ಎದ್ದವು, ಒಡೆದವು, ಬಟ್ಟೆ ಸುತ್ತಿಕೊಂಡೆವು. ಬಾಷಾ ಮೊದಲ ದಿನ ಸುಮ್ಮನೆ ನೋಡುತ್ತಿದ್ದ. ಎರಡನೆಯ ದಿನ ಟೋಪಿ ತೆಗೆದಿಟ್ಟು ನೀರು ಹೊತ್ತ.

ಗುಳಿಗಳಿಗೆ ಕಬ್ಬಿಣದ ಬೆಣೆ ಇಟ್ಟೆವು. ಬೆಣೆ ಹೊಡೆಯುವಾಗ ಆತುರ ಮಾಡಬಾರದು. ಈ ತುದಿಯಿಂದ ಆ ತುದಿಗೆ ಒಂದೊಂದಕ್ಕೆ ಒಂದೇ ಏಟು, ಆಮೇಲೆ ಕಲ್ಲಿಗೆ ಬಿಡುವು ಕೊಡಬೇಕು. ಮತ್ತೆ ಒಂದು ಸುತ್ತು. ಸದ್ದು ಏರುತ್ತಾ ಹೋಗುತ್ತದೆ. ಬುಧವಾರ ಹೊತ್ತು ಇಳಿಯುವ ಮುಂಚೆ ಸದ್ದು ಒಮ್ಮೆಲೇ ಬದಲಾಯಿತು. ಎಲ್ಲರೂ ಸುತ್ತಿಗೆ ನಿಲ್ಲಿಸಿದರು. ಬಂಡೆ ಒಂದು ಉಸಿರು ಬಿಟ್ಟಂತೆ ಗೆರೆಗುಂಟ ಬಾಯಿ ತೆರೆಯಿತು. ಎರಡು ಹೋಳೂ ಆಚೆಗೊಂದು ಈಚೆಗೊಂದು ವಾಲಿದವು.

ಮಾವ ಮಗ್ಗುಲಾಗಿ, ಕಾಲು ಮಡಚಿ ಮಲಗಿದ್ದ. ಎದೆ ಒಳಗೆ ಹೋಗಿತ್ತು. ಮುಖ, ಕೈ, ಬೆರಳು ಎಲ್ಲ ಇದ್ದವು. ನಾವು ಅವನನ್ನು ಇಡಿಯಾಗಿ ತೆಗೆದೆವು. ನಾನು ಆಗ ಅತ್ತೆ. ಅಲ್ಲಿಯವರೆಗೆ ಅಳಲು ಕೈ ಬಿಡುವಾಗಿರಲಿಲ್ಲ.

ಸಾಹೇಬರು ಒಂದು ಕಾಗದ ಕಳಿಸಿದ್ದರು. ಮಳೆಗೆ ಗುಡ್ಡ ಕುಸಿಯಿತು, ಪ್ರಕೃತಿ ವಿಕೋಪ ಅಂತ ಬರೆದದ್ದು, ಅದಕ್ಕೆ ಹೆಬ್ಬೆಟ್ಟು ಒತ್ತಿದರೆ ದೇಹ ಒಯ್ಯಬಹುದು. ಅದೇ ಗಳಿಗೆ ಊರಿನ ಕಡೆ ಇನ್ನೊಂದು ಮಾತು ಹರಡಿತ್ತು, ನಾನು ಸುತ್ತಿಗೆ ಹೊಡೆದದ್ದಕ್ಕೇ ಗುಡ್ಡ ಜಾರಿತು, ಅಮ್ಮನವರು ಮುನಿದಳು ಅಂತ. ಗುಮಾಸ್ತ ಮಸಿಯ ಡಬ್ಬಿ ತೆರೆದು ನನ್ನ ಮುಂದೆ ಹಿಡಿದ. ನಾನು ಅಂಗೈ ಬಿಚ್ಚಿ ತೋರಿಸಿದೆ. ಹೆಬ್ಬೆಟ್ಟಿನ ಚರ್ಮ ಕಿತ್ತುಹೋಗಿತ್ತು.

“ಒತ್ತೋಕೆ ಬೆರಳಿಲ್ಲಪ್ಪ” ಅಂದೆ. “ಇದ್ದಿದ್ರೂ ಒತ್ತುತ್ತಿರಲಿಲ್ಲ.”

ಅವನು ಡಬ್ಬಿ ಮುಚ್ಚಿದ. ನಾವು ದೇಹವನ್ನು ಎತ್ತಿಕೊಂಡೆವು, ಯಾರ ಅಪ್ಪಣೆಗೂ ಕಾಯಲಿಲ್ಲ.

ಕೆರೆಯ ಏರಿಯ ಪಕ್ಕ ನಮ್ಮವರನ್ನು ಹೂಳುವ ಜಾಗ. ಬಾಷಾ ಹಿಂದೆಯೇ ಬಂದ. ಅವನ ಜೇಬಿನಲ್ಲಿ ಬೇಡಿ ಇತ್ತು, ಹಾಕಲಿಲ್ಲ.

“ಅಮ್ಮಾ, ಕೋರ್ಟಿಗೆ ಹಾಜರು ಮಾಡಬೇಕು ನಿಮ್ಮನ್ನ. ಗುಡಿ ಕೇಸು. ಹೊತ್ತಾಯ್ತು” ಅಂದ. ದನಿ ತೀರಾ ಸಣ್ಣದಿತ್ತು.

“ಮಣ್ಣು ಮಾಡಿ ಬರ್ತೀನಿ. ನಿಲ್ಲು” ಅಂದೆ.

ಅವನು ನಿಂತ. ನಾನು ಗುದ್ದಲಿ ತೆಗೆದುಕೊಂಡು ಗುಂಡಿಗೆ ಇಳಿದೆ.